ಅಮೆರಿಕಕ್ಕೆ ಹೊಸದಾಗಿ ಬಂದವರ ಕ್ರೆಡಿಟ್ ಸ್ಕೋರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನ್ಯೂಜೆರ್ಸಿಗೆ ಬಂದು ಹದಿನೇಳು ವರ್ಷವಾಯಿತು. ಯುಗಾದಿ ಊಟದ ಪಂಕ್ತಿಯಲ್ಲಿ, ರಾಜ್ಯೋತ್ಸವದ ನಾಟಕಕ್ಕೆ ಪರದೆ ಏಳುವ ಮೊದಲು, ಮಕ್ಕಳ ಕನ್ನಡ ತರಗತಿ ಬಿಡುವ ಹೊತ್ತಿನಲ್ಲಿ ಹೊಸಬರು ನನ್ನನ್ನು ಹಿಡಿದು ಕೇಳುವುದು ಹೆಚ್ಚಾಗಿ ಕ್ರೆಡಿಟ್ ಸ್ಕೋರ್ ಬಗ್ಗೆಯೇ, ಅಂದರೆ ಸಾಲವನ್ನು ಸಮಯಕ್ಕೆ ತೀರಿಸುವವರೇ ಎಂದು ಅಳೆಯುವ ಅಂಕದ ಬಗ್ಗೆ. ಪತ್ರಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ, ಆದಷ್ಟೂ ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಇಲ್ಲಿ ಹೇಳಿರುವುದೆಲ್ಲ ಅಮೆರಿಕದ ವ್ಯವಸ್ಥೆಯ ಮಾತು. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಬಂದ ಹೊಸತರಲ್ಲಿ

ಅಕ್ಕಾ, ಊರಿನಲ್ಲಿ ನನ್ನ ಸಿಬಿಲ್ ಸ್ಕೋರ್ 790 ಇತ್ತು. ಇಲ್ಲಿ ಅದಕ್ಕೆ ಬೆಲೆಯೇ ಇಲ್ಲವೇ?

ಇಲ್ಲಿನ ಬ್ಯಾಂಕಿನ ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. ಭಾರತದಲ್ಲಿ ಸಾಲಗಳ ದಾಖಲೆ ಇಡುವ ಸಿಬಿಲ್ ಸಂಸ್ಥೆ ಅಮೆರಿಕದ ಟ್ರಾನ್ಸ್‌ಯೂನಿಯನ್ ಕಂಪನಿಯ ಕೈಯಲ್ಲೇ ಇದೆ, ಹೆಸರಿನಲ್ಲೂ ಟ್ರಾನ್ಸ್‌ಯೂನಿಯನ್ ಸಿಬಿಲ್ ಎಂದಿದೆ. ಹಾಗಾಗಿ ಎರಡೂ ಕಡೆಯ ಲೆಕ್ಕ ಒಂದೇ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಒಂದೊಂದು ದೇಶದ ದಾಖಲೆ ಆ ದೇಶದ ಕಾನೂನಿಗೆ ಒಳಪಟ್ಟು ಬೇರೆಯಾಗಿಯೇ ಇರುತ್ತದೆ, ತಾನಾಗಿ ಗಡಿ ದಾಟುವುದಿಲ್ಲ.

ನಮ್ಮೂರಿನ ದಿನಸಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಅಂಗಡಿಯವರಿಗೆ ನೀವು ಯಾರ ಮಗ, ಯಾರ ಸೊಸೆ ಎಂದು ಗೊತ್ತು, ನಿಮ್ಮ ಮಾವ ಯುಗಾದಿಗೆ ಮುಂಚೆ ಲೆಕ್ಕ ಚುಕ್ತಾ ಮಾಡುತ್ತಿದ್ದದ್ದೂ ಗೊತ್ತು. ಪಕ್ಕದ ತಾಲ್ಲೂಕಿಗೆ ಹೋದರೆ ಅದೇ ಮನುಷ್ಯನಿಗೆ ಒಂದು ಸೇರು ಅಕ್ಕಿಯೂ ಉದ್ರಿ ಸಿಗದು. ಅವರು ಕೆಟ್ಟವರೆಂದಲ್ಲ, ಅಲ್ಲಿನ ಪುಸ್ತಕದಲ್ಲಿ ಅವರ ಪುಟ ಇಲ್ಲ. ನಿಮ್ಮ ಸ್ಥಿತಿ ಈಗ ಅದೇ. ಸ್ಕೋರ್ ಸೊನ್ನೆ ಎಂದೂ ಅಲ್ಲ, ಕೆಟ್ಟದ್ದು ಎಂದೂ ಅಲ್ಲ. ಪುಟವೇ ತೆರೆದಿಲ್ಲ, ಅಷ್ಟೇ. ಇದನ್ನು ಅವಮಾನ ಎಂದುಕೊಳ್ಳಬೇಡಿ. ನಲವತ್ತು ವರ್ಷದ ಅನುಭವಿ ವೈದ್ಯರೂ ಇಲ್ಲಿ ಬಂದಿಳಿದ ದಿನ ಇದೇ ಜಾಗದಲ್ಲಿ ನಿಲ್ಲುತ್ತಾರೆ.

ಒಂದು ಸಣ್ಣ ಕಿಂಡಿ ಇದೆ. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯು ನೋವಾ ಕ್ರೆಡಿಟ್ ಎಂಬ ಸಂಸ್ಥೆಯ ಮೂಲಕ, ನಿಮ್ಮ ಒಪ್ಪಿಗೆ ಪಡೆದು, ಭಾರತದ ದಾಖಲೆಯನ್ನು ತರಿಸಿ ನೋಡುವ ವ್ಯವಸ್ಥೆಯನ್ನು 2019ರಲ್ಲಿ ಆರಂಭಿಸಿತು. ಊರಿನಲ್ಲಿ ನಿಮ್ಮ ಲೆಕ್ಕ ಶುದ್ಧವಾಗಿದ್ದರೆ ಮೊದಲ ಅರ್ಜಿಯನ್ನು ಅಲ್ಲಿ ಹಾಕಿ ನೋಡಬಹುದು. ಕಾರ್ಡ್ ಸಿಕ್ಕರೂ ಹಳೆಯ ವರ್ಷಗಳೆಲ್ಲ ಇಲ್ಲಿನ ದಾಖಲೆಗೆ ಸೇರುತ್ತವೆ ಎಂದುಕೊಳ್ಳಬೇಡಿ. ಬಾಗಿಲು ತೆರೆಯಲು ಮಾತ್ರ ಅದು ನೆರವಾಗುತ್ತದೆ. ಇಲ್ಲಿನ ಚರಿತ್ರೆ ಆ ಕಾರ್ಡಿನ ಮೊದಲ ದಿನದಿಂದಲೇ ಶುರು.

ನಾನು ಸಾಲ ಮಾಡುವವನೇ ಅಲ್ಲ. ಸ್ಕೋರ್ ಇಲ್ಲದಿದ್ದರೆ ನನಗೇನು ನಷ್ಟ?

ಸಾಲ ಎಂದರೆ ಹೆದರುವ ಮನೆಯಲ್ಲಿ ಬೆಳೆದವರು ನಾವು. ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಗೌರವವಿದೆ. ಆದರೆ ಇಲ್ಲಿ ಸ್ಕೋರನ್ನು ಸಾಲ ಕೊಡುವವರು ಮಾತ್ರ ನೋಡುವುದಿಲ್ಲ. ಮನೆ ಬಾಡಿಗೆಗೆ ಕೊಡುವವರು ನೋಡುತ್ತಾರೆ. ಇಲ್ಲದಿದ್ದರೆ ಹೆಚ್ಚು ಅಡ್ವಾನ್ಸ್ ಕೇಳುತ್ತಾರೆ, ಇಲ್ಲವೇ ಜಾಮೀನು ಕೇಳುತ್ತಾರೆ. ವಿದ್ಯುತ್ ಸಂಪರ್ಕ ಕೊಡುವವರು, ತಿಂಗಳ ಬಿಲ್ಲಿನ ಮೊಬೈಲ್ ಕೊಡುವವರು ಠೇವಣಿ ಇರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್, ಹವಾಯಿಯಂಥ ಕೆಲವು ರಾಜ್ಯಗಳನ್ನು ಬಿಟ್ಟರೆ ಹೆಚ್ಚಿನ ಕಡೆ ಕಾರಿನ ವಿಮೆಯ ಕಂತು ಕೂಡ ಇದರ ಮೇಲೆ ಏರಿಳಿಯುತ್ತದೆ.

ಕಾರಿನ ಸಾಲದ ಲೆಕ್ಕ ಕೇಳಿ. 20,000 ಡಾಲರ್, ಐದು ವರ್ಷ. ಶೇ. 6ರ ಬಡ್ಡಿಗೆ ತಿಂಗಳ ಕಂತು ಸುಮಾರು 387 ಡಾಲರ್. ಶೇ. 14ಕ್ಕೆ 465 ಡಾಲರ್. ಅದೇ ಕಾರು, ಅದೇ ರಸ್ತೆ. ಎರಡರ ನಡುವಿನ ವ್ಯತ್ಯಾಸವೆಂದು ಐದು ವರ್ಷದಲ್ಲಿ 4,700 ಡಾಲರಿಗೂ ಹೆಚ್ಚು ಹಣ ಬಡ್ಡಿಗೇ ಹೋಗುತ್ತದೆ. ಬೆಂಗಳೂರಿಗೆ ಇಡೀ ಸಂಸಾರ ಹೋಗಿಬರುವಷ್ಟು ಹಣ ಅದು.

ನಾನು ಎಲ್ಲರಿಗೂ ಹೇಳುವುದು ಒಂದೇ: ಬಡ್ಡಿ ಎಂದು ಒಂದು ಸೆಂಟ್ ಕೂಡ ಕೊಡದೆ ಒಳ್ಳೆಯ ಚರಿತ್ರೆ ಕಟ್ಟಿಕೊಳ್ಳಬಹುದು. ಅದಕ್ಕೆ ಬೇಕಾಗಿರುವುದು ಸಮಯ. ಆದ್ದರಿಂದ ಅಗತ್ಯ ಬಂದಾಗ ನೋಡೋಣ ಎನ್ನದೆ ಮೊದಲ ತಿಂಗಳಲ್ಲೇ ಶುರು ಮಾಡಿ.

ಈ ಅಂಕ ಕೊಡುವವರು ಯಾರು? ಸರ್ಕಾರವೇ?

ಸರ್ಕಾರವಲ್ಲ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಖಾಸಗಿ ಕಂಪನಿಗಳು ದಾಖಲೆ ಇಡುತ್ತವೆ. ಇವನ್ನು ಬ್ಯೂರೋ ಎನ್ನುತ್ತಾರೆ. ಆ ದಾಖಲೆಯ ಮೇಲೆ ಅಂಕ ಹಾಕುವ ಸೂತ್ರ ಬೇರೆಯವರದು. ಹೆಚ್ಚು ಬಳಕೆಯಲ್ಲಿರುವುದು ಫೈಕೊ. ಎಂಜಿನಿಯರ್ ಬಿಲ್ ಫೇರ್ ಮತ್ತು ಗಣಿತಜ್ಞ ಅರ್ಲ್ ಐಸಾಕ್ 1956ರಲ್ಲಿ ಸ್ಥಾಪಿಸಿದ ಕಂಪನಿ ಅದು. ಇಂದಿನ ರೂಪದ ಸ್ಕೋರ್ ಬಂದದ್ದು 1989ರಲ್ಲಿ. ಮೂರೂ ಬ್ಯೂರೋಗಳು ಸೇರಿ 2006ರಲ್ಲಿ ತಂದ ವಾಂಟೇಜ್‌ಸ್ಕೋರ್ ಇನ್ನೊಂದು. ಎರಡೂ 300ರಿಂದ 850ರವರೆಗೆ ಇವೆ. ಊರಿನ ಸಿಬಿಲ್‌ನಂತೆ 900ರವರೆಗೆ ಇಲ್ಲ.

ಫೈಕೊ ಲೆಕ್ಕದಲ್ಲಿ ಸಮಯಕ್ಕೆ ಸರಿಯಾಗಿ ಕಟ್ಟಿದ್ದೀರಾ ಎಂಬುದಕ್ಕೆ ಶೇ. 35, ಎಷ್ಟು ಬಾಕಿ ಇದೆ ಎಂಬುದಕ್ಕೆ ಶೇ. 30, ಖಾತೆಗಳಿಗೆ ಎಷ್ಟು ವಯಸ್ಸಾಗಿದೆ ಎಂಬುದಕ್ಕೆ ಶೇ. 15, ಹೊಸ ಅರ್ಜಿಗಳಿಗೆ ಶೇ. 10, ಸಾಲಗಳ ಬಗೆಗಳಿಗೆ ಶೇ. 10. ಮೊದಲ ಎರಡನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೊನೆಯ ಎರಡರ ಬಗ್ಗೆ ಹೊಸಬರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅರ್ಜಿಯ ಮೇಲೆ ಅರ್ಜಿ ಹಾಕದಿದ್ದರೆ ಸಾಕು.

ನನ್ನ ವೀಸಾ, ಸಂಬಳ, ಬ್ಯಾಂಕಿನಲ್ಲಿರುವ ಹಣ ಎಲ್ಲವೂ ಅದರಲ್ಲಿ ಇರುತ್ತದೆಯೇ?

ಇಲ್ಲ. ಸಂಬಳ, ಉಳಿತಾಯ, ವೀಸಾದ ಬಗೆ, ಧರ್ಮ, ಜನಾಂಗ ಯಾವುದೂ ಸ್ಕೋರಿನ ಲೆಕ್ಕದಲ್ಲಿ ಇಲ್ಲ. ತೆರಿಗೆ ಇಲಾಖೆ ನಿಮ್ಮನ್ನು ‘ನಾನ್ ರೆಸಿಡೆಂಟ್’ ಎಂದು ಎಣಿಸಿದರೂ ಬ್ಯೂರೋಗಳಿಗೆ ಅದರಿಂದ ವ್ಯತ್ಯಾಸವಾಗದು. ಆದರೆ ಅರ್ಜಿ ಹಾಕಿದಾಗ ಬ್ಯಾಂಕ್ ಸಂಬಳ ಕೇಳುತ್ತದೆ, ವೀಸಾ ಎಲ್ಲಿಯವರೆಗೆ ಇದೆ ಎಂದೂ ಕೇಳಬಹುದು. ಅದು ಬ್ಯಾಂಕಿನ ಪ್ರತ್ಯೇಕ ವಿಚಾರಣೆ.

ಎಷ್ಟು ದಿನಕ್ಕೆ ಸ್ಕೋರ್ ಬರುತ್ತದೆ?

ಫೈಕೊ ಅಂಕ ಹುಟ್ಟಬೇಕಾದರೆ ಕನಿಷ್ಠ ಒಂದು ಖಾತೆಗೆ ಆರು ತಿಂಗಳು ತುಂಬಿರಬೇಕು, ಕಳೆದ ಆರು ತಿಂಗಳಲ್ಲಿ ಒಂದು ಖಾತೆಯಾದರೂ ಬ್ಯೂರೋಗೆ ವರದಿಯಾಗಿರಬೇಕು. ವಾಂಟೇಜ್‌ಸ್ಕೋರ್ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಮೂರನೆಯ ತಿಂಗಳಿಗೆ ಮೊಬೈಲಿನಲ್ಲಿ ಒಂದು ಅಂಕ ಕಂಡು ಖುಷಿಯಿಂದ ಕಾರಿನ ಶೋರೂಮಿಗೆ ಹೋಗಿ, ಅಲ್ಲಿ ಸ್ಕೋರ್ ಇಲ್ಲ ಎಂದಾಗ ಪೆಚ್ಚಾಗಿ ಬಂದವರನ್ನು ನೋಡಿದ್ದೇನೆ. ಮೋಸ ಏನಲ್ಲ, ಸೂತ್ರ ಬೇರೆ.

## ಮೊದಲ ಕಾರ್ಡ್

ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಏನು ಮಾಡಲಿ?

ಪಾಸ್‌ಪೋರ್ಟ್ ಮತ್ತು ವಿಳಾಸದ ದಾಖಲೆ ಹಿಡಿದು ಬ್ಯಾಂಕಿನ ಶಾಖೆಗೆ ಹೋಗಿ ಖಾತೆ ತೆರೆಯಿರಿ. ದೊಡ್ಡ ಬ್ಯಾಂಕುಗಳಲ್ಲಿ ಸರ್ಕಾರ ಕೊಡುವ ಆ ಗುರುತಿನ ಸಂಖ್ಯೆ ಇಲ್ಲದೆಯೂ ಇದಕ್ಕೆ ದಾರಿ ಇರುತ್ತದೆ. ಡೆಬಿಟ್ ಕಾರ್ಡಿನಿಂದ ಸ್ಕೋರ್ ಬರುವುದಿಲ್ಲ, ಏಕೆಂದರೆ ಅದು ನಿಮ್ಮದೇ ಹಣ. ಆದರೂ ಸಂಬಳ ಬೀಳುವ ಬ್ಯಾಂಕಿನಲ್ಲೇ ಮುಂದೆ ಕ್ರೆಡಿಟ್ ಕಾರ್ಡ್ ಸಿಗುವುದು ಸುಲಭ. ಬಾಡಿಗೆ ಒಪ್ಪಂದ, ಬ್ಯಾಂಕ್, ಉದ್ಯೋಗದ ಕಡತ ಮೂರರಲ್ಲೂ ವಿಳಾಸವನ್ನು ಒಂದೇ ರೀತಿ ಬರೆಸಿ. ಮನೆಯ ಯೂನಿಟ್ ಸಂಖ್ಯೆ ಬಿಟ್ಟುಹೋದರೆ ಕಾರ್ಡ್ ಬೇರೆಯವರ ಅಂಚೆ ಪೆಟ್ಟಿಗೆಗೆ ಬೀಳುತ್ತದೆ.

ಎಲ್ಲ ಕಡೆಯೂ ಅರ್ಜಿ ತಿರಸ್ಕಾರವಾಯಿತು. ಐದು ಬ್ಯಾಂಕ್ ಆಯಿತು. ಇನ್ನೆಲ್ಲಿ ಹಾಕಲಿ?

ಮೊದಲು ಅರ್ಜಿ ಹಾಕುವುದನ್ನು ನಿಲ್ಲಿಸಿ. ಒಂದೊಂದು ಅರ್ಜಿಯೂ ನಿಮ್ಮ ದಾಖಲೆಯಲ್ಲಿ ‘ಹಾರ್ಡ್ ಇನ್‌ಕ್ವೈರಿ’ ಎಂದು ಎರಡು ವರ್ಷ ಉಳಿಯುತ್ತದೆ. ಫೈಕೊ ಅದನ್ನು ಒಂದು ವರ್ಷ ಲೆಕ್ಕಕ್ಕೆ ಹಿಡಿಯುತ್ತದೆ. ಪುಟದಲ್ಲಿ ಬೇರೇನೂ ಇಲ್ಲದೆ ಐದು ವಿಚಾರಣೆಗಳೇ ಕಂಡರೆ ಆರನೆಯವರು ಅನುಮಾನ ಪಡುತ್ತಾರೆ.

ತಿರಸ್ಕರಿಸಿದ ಬ್ಯಾಂಕ್ ಕಾರಣ ತಿಳಿಸಿ ಪತ್ರ ಕಳಿಸಬೇಕು ಎಂಬುದು ಇಲ್ಲಿನ ಕಾನೂನು. ಆ ಪತ್ರವನ್ನು ಎಸೆಯಬೇಡಿ. ಸಾಲದ ಚರಿತ್ರೆ ಸಾಲದು ಎಂದು ಬರೆದಿದ್ದರೆ ಮುಂದೆ ಹೇಳುವ ದಾರಿ ಹಿಡಿಯಿರಿ. ಗುರುತು ಹೊಂದಲಿಲ್ಲ ಎಂದು ಬರೆದಿದ್ದರೆ ತೊಂದರೆ ನಿಮ್ಮ ಹೆಸರಿನಲ್ಲೋ ವಿಳಾಸದಲ್ಲೋ ಇದೆ.

ದಾರಿ ಎಂದರೆ ಸೆಕ್ಯೂರ್ಡ್ ಕಾರ್ಡ್. ನೀವು 200 ಅಥವಾ 500 ಡಾಲರ್ ಠೇವಣಿ ಇಡುತ್ತೀರಿ, ಸಾಮಾನ್ಯವಾಗಿ ಅಷ್ಟೇ ಮಿತಿಯ ಕಾರ್ಡ್ ಕೊಡುತ್ತಾರೆ. ಠೇವಣಿ ಖರ್ಚಲ್ಲ, ಲೆಕ್ಕ ಸರಿಯಾಗಿ ಇಟ್ಟುಕೊಂಡರೆ ಕಾರ್ಡನ್ನು ಸಾಧಾರಣ ಕಾರ್ಡಾಗಿ ಬದಲಾಯಿಸುವಾಗ ಅಥವಾ ಮುಚ್ಚುವಾಗ ಮರಳಿ ಬರುತ್ತದೆ. ವಾರ್ಷಿಕ ಶುಲ್ಕ ಇಲ್ಲದ್ದನ್ನು ಆರಿಸಿ. ಮೂರೂ ಬ್ಯೂರೋಗಳಿಗೆ ವರದಿ ಮಾಡುತ್ತೀರಾ ಎಂದು ಬಾಯಿಬಿಟ್ಟು ಕೇಳಿ. ವರದಿಯಾಗದ ಕಾರ್ಡಿನಿಂದ ನಿಮಗೆ ಯಾವ ಉಪಕಾರವೂ ಇಲ್ಲ. ಕ್ರೆಡಿಟ್ ಯೂನಿಯನ್ ಎಂಬ ಸಹಕಾರಿ ಬ್ಯಾಂಕುಗಳನ್ನೂ ವಿಚಾರಿಸಿ. ನಮ್ಮ ಊರಿನ ಸಹಕಾರ ಸಂಘದಂತೆ ಸದಸ್ಯರದ್ದೇ ಬ್ಯಾಂಕ್ ಅದು. ಎದುರಿಗೆ ಕೂರಿಸಿಕೊಂಡು ಮಾತನಾಡುವವರು ಅಲ್ಲಿ ಇನ್ನೂ ಸಿಗುತ್ತಾರೆ.

ನಾನು ವಿದ್ಯಾರ್ಥಿ, ವಯಸ್ಸು ಇಪ್ಪತ್ತು, ಕೆಲಸವಿಲ್ಲ. ನನಗೆ ದಾರಿ ಇದೆಯೇ?

2009ರ ಕ್ರೆಡಿಟ್ ಕಾರ್ಡ್ ಕಾಯಿದೆಯ ಪ್ರಕಾರ 21 ತುಂಬದವರಿಗೆ ಸ್ವಂತ ಆದಾಯ ಇರಬೇಕು, ಇಲ್ಲವೇ ಜೊತೆಗೆ ಸಹಿ ಹಾಕುವವರು ಇರಬೇಕು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೋ ಪ್ರಯೋಗಾಲಯದಲ್ಲೋ ಸಣ್ಣ ಕೆಲಸ ಸಿಕ್ಕರೆ ಎರಡು ಲಾಭ: ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಅರ್ಜಿ ಹಾಕುವ ಹಕ್ಕು ಬರುತ್ತದೆ, ತೋರಿಸಲು ಆದಾಯವೂ ಇರುತ್ತದೆ. ಅಪ್ಪ ಊರಿನಿಂದ ಕಳಿಸಿದ ಶುಲ್ಕದ ಹಣವನ್ನು ಆದಾಯ ಎಂದು ಬರೆಯಬೇಡಿ. ಕೆಲಸ ಸಿಗುವವರೆಗೆ ಕಾಯುವುದರಲ್ಲಿ ತಪ್ಪೇನೂ ಇಲ್ಲ.

ಪಾಸ್‌ಪೋರ್ಟಿನಲ್ಲಿ ನನಗೆ ಮನೆತನದ ಹೆಸರಿಲ್ಲ. ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಬಂದಿದೆ. ಇದರಿಂದ ತೊಂದರೆಯಾಗುತ್ತದೆಯೇ?

ಆಗುತ್ತದೆ. ಇದು ನಮ್ಮವರನ್ನು ವಿಶೇಷವಾಗಿ ಕಾಡುವ ತೊಂದರೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಹಳೆ ಮೈಸೂರು ಕಡೆ ಹೆಸರಿನ ಮುಂದೆ ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ. ಮನೆತನದ ಹೆಸರು ಅನೇಕರಿಗೆ ಇಲ್ಲ. ಎಚ್. ಟಿ. ಮಂಜುನಾಥ ಎಂಬವರಿದ್ದಾರೆ ಎಂದುಕೊಳ್ಳಿ. ಎಚ್ ಎಂದರೆ ಹೊಳಲ್ಕೆರೆ, ಟಿ ಎಂದರೆ ತಂದೆ ತಿಪ್ಪೇಸ್ವಾಮಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದವರು ಅದನ್ನು ಕೊನೆಯ ಹೆಸರಿನ ಜಾಗದಲ್ಲಿ ಹಾಕಿ, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದ ಎಫ್‌ಎನ್‌ಯು ಎಂಬ ಮೂರು ಅಕ್ಷರಗಳನ್ನು ಮುಂದೆ ಸೇರಿಸುತ್ತಾರೆ. ಈಗ ಬ್ಯಾಂಕಿನಲ್ಲಿ ಅವರು ‘ಎಫ್‌ಎನ್‌ಯು ಮಂಜುನಾಥ’. ಕಂಪನಿಯವರು ‘ಮಂಜುನಾಥ ತಿಪ್ಪೇಸ್ವಾಮಿ’ ಎಂದು ಬರೆದುಕೊಂಡರು. ಮೊಬೈಲ್ ಅಂಗಡಿಯ ಹುಡುಗ ‘ಮಂಜುನಾಥ ಮಂಜುನಾಥ’ ಎಂದು ಹೊಡೆದ. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಬ್ಯೂರೋಗಳು ಹೆಸರು, ಹುಟ್ಟಿದ ದಿನ, ವಿಳಾಸ, ಸಂಖ್ಯೆ ಎಲ್ಲವನ್ನೂ ಹೊಂದಿಸಿ ಕಡತ ಜೋಡಿಸುತ್ತವೆ. ಹೊಂದದಿದ್ದರೆ ಒಬ್ಬರೇ ಮನುಷ್ಯರಿಗೆ ಎರಡು ತೆಳು ಕಡತಗಳು ಹುಟ್ಟಬಹುದು, ಅರ್ಧ ಚರಿತ್ರೆ ಅಲ್ಲಿ, ಅರ್ಧ ಇಲ್ಲಿ.

ಸಾಧ್ಯವಿದ್ದರೆ ಊರು ಬಿಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಎರಡೂ ಜಾಗ ತುಂಬಿರುವಂತೆ ಸರಿಪಡಿಸಿಕೊಳ್ಳಿ. ಈಗಾಗಲೇ ಬಂದಿದ್ದರೆ, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಎಲ್ಲ ಕಡೆ ಬರೆಯಿರಿ. ಕೇಳಲು ಚೆನ್ನಾಗಿಲ್ಲ ಎಂದು ಬ್ಯಾಂಕಿನಲ್ಲಿ ಬೇರೆ ರೂಪ ಕೊಡಬೇಡಿ. ಮುಂದೆ ಕಾನೂನುಬದ್ಧವಾಗಿ ಹೆಸರು ಬದಲಾದರೆ ಮೊದಲು ಪಾಸ್‌ಪೋರ್ಟ್ ಮತ್ತು ಸೋಷಿಯಲ್ ಸೆಕ್ಯುರಿಟಿ, ಆಮೇಲೆ ಬ್ಯಾಂಕುಗಳು.

ಕೆಲಸಕ್ಕೆ ಬಂದ ಗಂಡನ ಜೊತೆ ನಾನು ಎಚ್-4 ವೀಸಾದಲ್ಲಿ ಬಂದಿದ್ದೇನೆ, ಕೆಲಸ ಮಾಡುವ ಅನುಮತಿ ಇಲ್ಲ. ನನ್ನ ಹೆಸರಿನಲ್ಲಿ ಏನಾದರೂ ಕಟ್ಟಿಕೊಳ್ಳಬಹುದೇ?

ಕಟ್ಟಿಕೊಳ್ಳಬಹುದು, ಕಟ್ಟಿಕೊಳ್ಳಲೇಬೇಕು. ಗಂಡ ಹೆಂಡತಿಗೆ ಜಂಟಿ ಸ್ಕೋರ್ ಎಂಬುದು ಇಲ್ಲ. ಹತ್ತು ವರ್ಷ ಸಂಸಾರ ನಡೆಸಿ, ಮನೆಯ ಖರ್ಚುವೆಚ್ಚವನ್ನೆಲ್ಲ ತೂಗಿಸಿ, ಕೊನೆಗೆ ತನ್ನ ಹೆಸರಿಗೆ ಒಂದು ಫೋನ್ ಸಂಪರ್ಕವೂ ಸಿಗದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಗಂಡ ತೀರಿಕೊಂಡಾಗ, ದೂರವಾದಾಗ ಅದರ ಪೆಟ್ಟು ಗೊತ್ತಾಗುತ್ತದೆ.

ಮೊದಲ ಹೆಜ್ಜೆ, ಗಂಡನ ಕಾರ್ಡಿಗೆ ‘ಆಥರೈಸ್ಡ್ ಯೂಸರ್’, ಅಂದರೆ ಅದನ್ನು ಬಳಸಲು ಅನುಮತಿ ಇರುವವರಾಗಿ ಸೇರಿಕೊಳ್ಳುವುದು. ಅನೇಕ ಬ್ಯಾಂಕುಗಳು ಆ ಖಾತೆಯನ್ನು ನಿಮ್ಮ ಕಡತಕ್ಕೂ ವರದಿ ಮಾಡುತ್ತವೆ. ಅವರು ಕಟ್ಟುವುದು ತಡವಾದರೆ ಕಲೆ ನಿಮಗೂ ತಾಗಬಹುದು. ಎರಡನೆಯದು ಐಟಿನ್ ಎಂಬ ತೆರಿಗೆ ಸಂಖ್ಯೆ. ಒಂಬತ್ತು ಅಂಕೆ, ಮೊದಲ ಅಂಕೆಯೂ ಒಂಬತ್ತೇ. ಜಂಟಿಯಾಗಿ ತೆರಿಗೆ ವಿವರ ಸಲ್ಲಿಸುವಾಗ ಡಬ್ಲ್ಯೂ-7 ನಮೂನೆ ಲಗತ್ತಿಸಿ ಪಡೆಯಬಹುದು. ಅದನ್ನು ಒಪ್ಪಿಕೊಂಡು ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಸತತ ಮೂರು ವರ್ಷ ತೆರಿಗೆ ವಿವರದಲ್ಲಿ ಬಳಸದಿದ್ದರೆ ಐಟಿನ್ ಅವಧಿ ಮುಗಿಯುತ್ತದೆ. ಮುಂದೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬಂದಾಗ ಬ್ಯಾಂಕುಗಳಿಗೆ, ಮೂರೂ ಬ್ಯೂರೋಗಳಿಗೆ ಬರೆದು ಹಳೆಯ ಚರಿತ್ರೆಯನ್ನು ಹೊಸ ಸಂಖ್ಯೆಗೆ ಜೋಡಿಸಿಕೊಳ್ಳಿ. ತಾನಾಗಿ ಆದೀತು ಎಂದು ಕೂರಬೇಡಿ.

## ದಿನನಿತ್ಯದ ಲೆಕ್ಕ

ಸ್ವಲ್ಪ ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟಿದರೆ ಸ್ಕೋರ್ ಬೇಗ ಏರುತ್ತದೆ ಎಂದು ರೂಮಿನವರು ಹೇಳುತ್ತಾರೆ. ನಿಜವೇ?

ಸುಳ್ಳು. ನೀವು ಬಡ್ಡಿ ಕಟ್ಟಿದ್ದೀರೋ ಇಲ್ಲವೋ ಎಂಬುದು ಸ್ಕೋರಿನ ಲೆಕ್ಕದಲ್ಲೇ ಇಲ್ಲ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ. 20ಕ್ಕೂ ಮೇಲಿರುವುದು ಇಲ್ಲಿ ಸಾಮಾನ್ಯ. ಒಮ್ಮೆ ಬಾಕಿ ಉಳಿಸಿದಿರಿ ಎಂದರೆ ಮುಂದಿನ ಖರೀದಿಗಳಿಗೂ ಬಡ್ಡಿರಹಿತ ದಿನಗಳು ಸಾಮಾನ್ಯವಾಗಿ ತಪ್ಪಿಹೋಗುತ್ತವೆ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ 25 ಡಾಲರ್’ ಎಂಬ ಸಾಲು ಎದ್ದು ಕಾಣುವಂತೆ ಇರುತ್ತದೆ. ಅದನ್ನು ನೋಡಬೇಡಿ, ‘ಸ್ಟೇಟ್‌ಮೆಂಟ್ ಬ್ಯಾಲೆನ್ಸ್’ ಎಂದಿರುವ ಪೂರ್ತಿ ಮೊತ್ತ ಕಟ್ಟಿ. ಕಾರ್ಡಿನಿಂದ ನಗದು ಎಂದಿಗೂ ತೆಗೆಯಬೇಡಿ. ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ.

ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೇನೆ. ಆದರೂ ಒಂದೇ ತಿಂಗಳಲ್ಲಿ ನಲವತ್ತು ಅಂಕ ಬಿತ್ತು. ಏನು ತಪ್ಪು ಮಾಡಿದೆ?

ಏನೂ ತಪ್ಪು ಮಾಡಿಲ್ಲ. ಇಲ್ಲಿ ಎರಡು ತಾರೀಖುಗಳಿವೆ: ಬಿಲ್ ತಯಾರಾಗುವ ದಿನ ಮತ್ತು ಹಣ ಕಟ್ಟಲು ಕೊನೆಯ ದಿನ. ಎರಡರ ನಡುವೆ ಕನಿಷ್ಠ 21 ದಿನ ಕೊಡಬೇಕು. ಬ್ಯೂರೋಗೆ ಸಾಮಾನ್ಯವಾಗಿ ಹೋಗುವುದು ಬಿಲ್ ತಯಾರಾದ ದಿನದ ಬಾಕಿ.

ನಿಮ್ಮ ಮಿತಿ 500 ಡಾಲರ್. ಆ ತಿಂಗಳು ಹಬ್ಬದ ಸಾಮಾನು, ಚಳಿಗಾಲದ ಕೋಟು, ಮಗುವಿನ ಬೂಟು ಸೇರಿ 430 ಡಾಲರ್ ಆಯಿತು. ಬಿಲ್ ಬಂದ ಮರುದಿನವೇ ಕಟ್ಟಿದರೂ ಮಿತಿಯ ಶೇ. 86 ಬಳಸಿದ್ದಾರೆ ಎಂಬ ವರದಿ ಅಷ್ಟರಲ್ಲಿ ಹೋಗಿಬಿಟ್ಟಿತು. ಶೇ. 30ರ ಒಳಗಿರಲಿ ಎಂಬುದು ರೂಢಿಯ ಮಾತು, ಶೇ. 10ರ ಒಳಗಿದ್ದರೆ ಇನ್ನೂ ಒಳ್ಳೆಯದು. ಬಿಲ್ ತಯಾರಾಗುವ ಎರಡು ಮೂರು ದಿನ ಮೊದಲೇ 400 ಡಾಲರ್ ಕಟ್ಟಿಬಿಡಿ. ಈಗಾಗಲೇ ಬಿದ್ದಿರುವ ಅಂಕಕ್ಕೆ ಕೊರಗಬೇಡಿ. ಬಳಕೆಯಲ್ಲಿರುವ ಬಹುತೇಕ ಸೂತ್ರಗಳು ಹಳೆಯ ತಿಂಗಳ ಬಳಕೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ಮುಂದಿನ ವರದಿಯಲ್ಲಿ ಬಾಕಿ ಇಳಿದರೆ ಅಂಕ ಏರುತ್ತದೆ.

ಬಿಲ್ ಕಟ್ಟುವುದು ಐದು ದಿನ ತಡವಾಯಿತು. ಎಲ್ಲ ಹಾಳಾಯಿತೇ?

ಇಲ್ಲ. ಇಂದೇ ಕಟ್ಟಿ. ತಡದ ಶುಲ್ಕ ಬೀಳುತ್ತದೆ, ಬಡ್ಡಿಯೂ ಬೀಳಬಹುದು. ಬ್ಯೂರೋಗೆ ತಡ ಎಂದು ವರದಿಯಾಗುವುದು 30 ದಿನ ದಾಟಿದ ಮೇಲೆ. ಬ್ಯಾಂಕಿಗೆ ಫೋನ್ ಮಾಡಿ, ಮೊದಲ ಸಲ ಹೀಗಾಗಿದೆ, ಶುಲ್ಕ ಮನ್ನಾ ಮಾಡಿ ಎಂದು ವಿನಯದಿಂದ ಕೇಳಿ. ಎಷ್ಟೋ ಸಲ ಮಾಡುತ್ತಾರೆ.

30 ದಿನ ದಾಟಿದರೆ ಏನಾಗುತ್ತದೆ ಎಂಬುದು ನನ್ನ ಅನುಭವ. ಬಂದ ಎರಡನೆಯ ವರ್ಷ ಮನೆ ಬದಲಾಯಿಸಿದೆವು. ಒಂದು ಅಂಗಡಿಯ ಕಾರ್ಡಿನಲ್ಲಿ 23 ಡಾಲರ್ ಬಾಕಿ ಇತ್ತು, ಮಗಳ ಸ್ವೆಟರಿನದು. ಕಾಗದದ ಬಿಲ್ ಹಳೆಯ ವಿಳಾಸಕ್ಕೆ ಹೋಗುತ್ತಿತ್ತು. ನನಗೆ ಗೊತ್ತಾಗುವ ಹೊತ್ತಿಗೆ 60 ದಿನ ದಾಟಿತ್ತು. ಅಂದೇ ಕಟ್ಟಿದೆ. ಆಮೇಲೆ ವರದಿ ತರಿಸಿ ನೋಡಿದೆ. ತಿಂಗಳಿಗೊಂದರಂತೆ ಪುಟ್ಟ ಚೌಕಗಳ ಸಾಲು, ಎಲ್ಲದರಲ್ಲೂ ಹಸಿರು ಗುರುತು, ನಡುವೆ ಎರಡರಲ್ಲಿ ಮಾತ್ರ ಕೆಂಪು: ಒಂದರಲ್ಲಿ 30, ಅದರ ಪಕ್ಕದಲ್ಲಿ 60. ಆ ಎರಡು ಚೌಕಗಳು ಏಳು ವರ್ಷ ಅಲ್ಲೇ ಇದ್ದವು. ಮನೆಯ ಸಾಲಕ್ಕೆ ಹೋದಾಗ ಅಧಿಕಾರಿ ಬೆರಳಿಟ್ಟು ತೋರಿಸಿದ್ದೂ ಅವನ್ನೇ. ಮೊತ್ತ 23 ಡಾಲರೋ 2,300 ಡಾಲರೋ ಎಂದು ಚೌಕದಲ್ಲಿ ಬರೆದಿರುವುದಿಲ್ಲ.

ಕಾರ್ಡ್ ಕೈಗೆ ಬಂದ ದಿನವೇ ಪೂರ್ತಿ ಮೊತ್ತ ತಾನಾಗಿ ಕಡಿತವಾಗುವಂತೆ ಆಟೋಪೇ ಹಾಕಿ. ಮನೆ ಬದಲಾಯಿಸುವಾಗ ಪಾತ್ರೆ ಕಟ್ಟುವ ಮೊದಲು ವಿಳಾಸ ಬದಲಾಯಿಸಿ.

ಬಾಡಿಗೆ, ಕರೆಂಟ್ ಬಿಲ್, ಫೋನ್ ಬಿಲ್ ಎಲ್ಲ ಸರಿಯಾಗಿ ಕಟ್ಟುತ್ತೇನೆ. ಅದಕ್ಕೆ ಅಂಕವಿಲ್ಲವೇ?

ಸಾಮಾನ್ಯವಾಗಿ ಇಲ್ಲ. ಕಟ್ಟದೆ ವಸೂಲಿಯವರ ಕೈಗೆ ಹೋದರೆ ಮಾತ್ರ ದಾಖಲೆಗೆ ಬರುತ್ತದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಎಕ್ಸ್‌ಪೀರಿಯನ್ 2019ರಲ್ಲಿ ತಂದ ‘ಬೂಸ್ಟ್’ ಎಂಬ ಉಚಿತ ಸೌಲಭ್ಯದಿಂದ ಇಂಥ ಪಾವತಿಗಳನ್ನು ಆ ಒಂದು ಬ್ಯೂರೋದ ಕಡತಕ್ಕೆ ಸೇರಿಸಬಹುದು. ಬಾಡಿಗೆಯನ್ನು ವರದಿ ಮಾಡುವ ಮಾಲೀಕರೂ ಕೆಲವರಿದ್ದಾರೆ, ಕೇಳಿ ನೋಡಿ.

ಆಗಾಗ ಸ್ಕೋರ್ ನೋಡಿದರೆ ಕಡಿಮೆಯಾಗುತ್ತದೆಯೇ?

ನಿಮ್ಮದನ್ನು ನೀವು ನೋಡಿಕೊಂಡರೆ ಒಂದು ಅಂಕವೂ ಇಳಿಯುವುದಿಲ್ಲ. ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್ ಎಂಬ ತಾಣದಲ್ಲಿ ಮೂರೂ ಬ್ಯೂರೋಗಳ ಪೂರ್ತಿ ವರದಿ ವಾರಕ್ಕೊಮ್ಮೆ ಉಚಿತ. 2020ರಲ್ಲಿ ತಾತ್ಕಾಲಿಕವಾಗಿ ಬಂದ ಈ ಅವಕಾಶ 2023ರಲ್ಲಿ ಕಾಯಂ ಆಯಿತು. ಅಲ್ಲಿ ಸಿಗುವುದು ದಾಖಲೆ. ಅಂಕವನ್ನು ಕಾರ್ಡ್ ಕಂಪನಿಗಳು ತಮ್ಮ ಆ್ಯಪಿನಲ್ಲೇ ತೋರಿಸುತ್ತವೆ.

## ವರ್ಷ ಕಳೆದ ಮೇಲೆ

ಕಾರಿನ ಸಾಲಕ್ಕೆ ನಾಲ್ಕು ಕಡೆ ವಿಚಾರಿಸಿದರೆ ನಾಲ್ಕು ಪೆಟ್ಟು ಬೀಳುತ್ತದೆಯೇ?

ಕಾರು ಮತ್ತು ಮನೆಯ ಸಾಲಕ್ಕೆ ವಿನಾಯಿತಿ ಇದೆ. ಹದಿನಾಲ್ಕು ದಿನಗಳ ಒಳಗೆ ಎಲ್ಲ ಕಡೆ ವಿಚಾರಿಸಿ ಮುಗಿಸಿದರೆ ಫೈಕೊ ಒಂದೇ ವಿಚಾರಣೆ ಎಂದು ಎಣಿಸುತ್ತದೆ. ಶೋರೂಮಿಗೆ ಹೋಗುವ ಮೊದಲೇ ನಿಮ್ಮ ಬ್ಯಾಂಕಿನಿಂದಲೋ ಕ್ರೆಡಿಟ್ ಯೂನಿಯನ್‌ನಿಂದಲೋ ಬಡ್ಡಿ ದರ ಬರೆಸಿಕೊಂಡು ಹೋಗಿ. ಕೈಯಲ್ಲಿ ಕಾಗದ ಇದ್ದವರೊಡನೆ ಅಲ್ಲಿನವರ ಮಾತಿನ ಧಾಟಿಯೇ ಬೇರೆ.

ಸ್ನೇಹಿತನ ಕಾರಿನ ಸಾಲಕ್ಕೆ ಜೊತೆಗೆ ಸಹಿ ಹಾಕು ಎನ್ನುತ್ತಿದ್ದಾನೆ. ಹಾಕಲೇ?

ಹಾಕಬೇಡಿ. ಊರಿನಲ್ಲಿ ಜಾಮೀನು ನಿಂತು ಜಮೀನು ಕಳೆದುಕೊಂಡವರ ಕಥೆ ನಿಮ್ಮ ಮನೆಯಲ್ಲೂ ಒಂದಿರುತ್ತದೆ. ಇಲ್ಲಿ ಆ ಸಾಲ ಮೊದಲ ದಿನದಿಂದಲೇ ನಿಮ್ಮ ಸಾಲವೆಂದು ನಿಮ್ಮ ಕಡತದಲ್ಲಿ ಕೂರುತ್ತದೆ. ಅವನ ವೀಸಾ ಮುಗಿದು ಹೊರಟುಹೋದರೆ ಕಂತು ನಿಮ್ಮದು. ಸಹಾಯ ಮಾಡಲೇಬೇಕೆಂದರೆ ಕೈಲಾದಷ್ಟು ಹಣವನ್ನೇ ಕೊಡಿ.

ನನ್ನ ವರದಿಯಲ್ಲಿ ನನ್ನದಲ್ಲದ ಖಾತೆ ಇದೆ. ಯಾರಿಗೆ ದೂರು ಕೊಡಲಿ?

ತಪ್ಪು ಯಾವ ಬ್ಯೂರೋದ ವರದಿಯಲ್ಲಿದೆಯೋ ಅವರಿಗೇ ಬರೆಯಿರಿ. ಮೂರರಲ್ಲೂ ಇದ್ದರೆ ಮೂವರಿಗೂ. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯಿದೆಯ ಪ್ರಕಾರ ಅವರು ಸಾಮಾನ್ಯವಾಗಿ 30 ದಿನಗಳಲ್ಲಿ ವಿಚಾರಿಸಿ ಉತ್ತರ ಕೊಡಬೇಕು. ಖಾತೆ ವರದಿ ಮಾಡಿದ ಬ್ಯಾಂಕಿಗೂ ಒಂದು ಪ್ರತಿ ಕಳಿಸಿ. ಒಂದೇ ಹೆಸರು, ಒಂದೇ ಅಪಾರ್ಟ್‌ಮೆಂಟ್ ಸಮುಚ್ಚಯ ಇದ್ದವರ ಕಡತಗಳು ಬೆರೆತುಹೋಗುವುದುಂಟು.

ಯಾರೋ ಬೇಕೆಂದೇ ನಿಮ್ಮ ಹೆಸರಿನಲ್ಲಿ ತೆರೆದಿದ್ದರೆ ಮೂರೂ ಕಡೆ ಕಡತವನ್ನು ‘ಫ್ರೀಜ್’ ಮಾಡಿಸಿ, ಅಂದರೆ ಹೊಸ ಸಾಲಕ್ಕೆಂದು ಯಾರೂ ತೆರೆದು ನೋಡದಂತೆ ಬೀಗ ಹಾಕಿಸಿ. 2017ರಲ್ಲಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾದ ನಂತರ, 2018ರ ಸೆಪ್ಟೆಂಬರಿನಿಂದ ಇದು ಎಲ್ಲರಿಗೂ ಉಚಿತವಾಗಿದೆ. ನನ್ನ ಮಟ್ಟಿಗೆ, ಹೊಸ ಸಾಲ ಬೇಡದ ದಿನಗಳಲ್ಲಿ ಕಡತ ಬೀಗ ಹಾಕಿಕೊಂಡೇ ಇರಬೇಕು. ಬೇಕಾದಾಗ ಕೆಲವೇ ನಿಮಿಷಗಳಲ್ಲಿ ತೆರೆಯಬಹುದು.

‘ಹಣ ಕೊಡಿ, ಸ್ಕೋರ್ ಸರಿಮಾಡಿಕೊಡುತ್ತೇವೆ’ ಎಂದು ಕರೆ ಬರುತ್ತದೆ. ನಂಬಬಹುದೇ?

ಕೆಲಸ ಮಾಡುವ ಮೊದಲೇ ಹಣ ಕೇಳುವುದು ಇಂಥ ಕಂಪನಿಗಳಿಗೆ ಕಾನೂನಿನಲ್ಲಿ ನಿಷಿದ್ಧ. ನಿಜವಾದ ತಡಪಾವತಿಯನ್ನು ಅಳಿಸುವ ಶಕ್ತಿ ಅವರಿಗಿಲ್ಲ. ತಪ್ಪು ನಮೂದನ್ನು ನೀವೇ ಖರ್ಚಿಲ್ಲದೆ ತೆಗೆಸಬಹುದು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಬದಲಿಗೆ ‘ಸಿಪಿಎನ್’ ಎಂಬ ಬೇರೊಂದು ಸಂಖ್ಯೆ ಕೊಡುತ್ತೇವೆ ಎಂದರೆ ಫೋನ್ ಇಟ್ಟುಬಿಡಿ. ಅದನ್ನು ಬಳಸಿ ಸಾಲ ಪಡೆಯುವುದು ಅಪರಾಧ. ವೀಸಾದಲ್ಲಿರುವವರಿಗೆ ಅದರ ಪರಿಣಾಮ ಹಣದಲ್ಲಿ ಮುಗಿಯುವುದಿಲ್ಲ.

ಓದಲು ಬರುವಾಗ ಅಪ್ಪ ಊರಿನಲ್ಲಿ ಶಿಕ್ಷಣ ಸಾಲಕ್ಕೆ ಸಹಿ ಹಾಕಿದ್ದರು. ಅದನ್ನು ನಿಧಾನವಾಗಿ ಕಟ್ಟಿದರೆ ಇಲ್ಲಿ ತೊಂದರೆ ಇದೆಯೇ?

ಇಲ್ಲಿನ ಸ್ಕೋರಿಗೆ ಅದು ತಾಗುವುದಿಲ್ಲ. ಅದಕ್ಕೇ ಕೆಲವರು ಉದಾಸೀನ ಮಾಡುತ್ತಾರೆ. ಆದರೆ ಆ ಸಾಲ ಊರಿನ ದಾಖಲೆಯಲ್ಲಿ ನಿಮ್ಮಿಬ್ಬರ ಹೆಸರಿನಲ್ಲೂ ಇದೆ. ಓದು ಮುಗಿದು ವಿನಾಯಿತಿಯ ತಿಂಗಳುಗಳು ಕಳೆದ ಮೇಲೆ ಕಂತು ತಪ್ಪಿದರೆ ಬ್ಯಾಂಕಿನವರು ಬರುವುದು ನಿಮ್ಮ ತಂದೆಯ ಮನೆಗೆ, ನಿಮ್ಮ ಜೊತೆಗೆ ಅವರ ಸಿಬಿಲ್ ಕೂಡ ಕೆಡುತ್ತದೆ. ಬೋರ್‌ವೆಲ್ ಕೊರೆಸಲು, ತಂಗಿಯ ಓದಿಗೆ ಅವರು ಕೈಯೊಡ್ಡಿದಾಗ ಬ್ಯಾಂಕ್ ಇಲ್ಲವೆನ್ನುತ್ತದೆ. ಮೊದಲ ಸಂಬಳದಲ್ಲೇ ಊರಿನ ಖಾತೆಗೆ ಮೂರು ಕಂತಿನಷ್ಟು ಹಣ ಮುಂಗಡ ಕಳಿಸಿ, ಕಂತು ತಾನಾಗಿ ಕಡಿತವಾಗುವಂತೆ ಬರೆದುಕೊಡಿ. ಬ್ಯಾಂಕಿಗೆ ನೀವು ಅನಿವಾಸಿ ಎಂದು ತಿಳಿಸಿ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸುವ ಕೆಲಸವೂ ಬಾಕಿ ಉಳಿಯದಿರಲಿ.

ಮುಂದಿನ ತಿಂಗಳು ಬೆಂಗಳೂರಿಗೆ ಮರಳುತ್ತಿದ್ದೇವೆ. ಕಾರ್ಡುಗಳನ್ನೆಲ್ಲ ಮುಚ್ಚಿಬಿಡಲೇ?

ವಾರ್ಷಿಕ ಶುಲ್ಕ ಇರುವವನ್ನು ಮುಚ್ಚಿ. ಶುಲ್ಕವಿಲ್ಲದ, ಎಲ್ಲಕ್ಕಿಂತ ಹಳೆಯ ಕಾರ್ಡೊಂದನ್ನು ಉಳಿಸಿಕೊಳ್ಳಿ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಆಜೀವ ನಿಮ್ಮದೇ. ಐದು ವರ್ಷದ ನಂತರ ಮತ್ತೆ ಬಂದರೂ, ಮಗಳು ಓದಲು ಬರುವಾಗ ನೀವು ಜೊತೆಗೆ ನಿಂತರೂ ಅದೇ ಕಡತ. ಚೆನ್ನಾಗಿ ನಡೆದು ಮುಚ್ಚಿದ ಖಾತೆಯೂ ಹತ್ತು ವರ್ಷದವರೆಗೆ ದಾಖಲೆಯಲ್ಲಿ ಉಳಿಯುತ್ತದೆ. ವಿದೇಶಿ ವಿಳಾಸಕ್ಕೆ ನಿಮ್ಮ ಬ್ಯಾಂಕ್ ಒಪ್ಪುತ್ತದೆಯೇ, ಭಾರತದ ಮೊಬೈಲಿಗೆ ಒಟಿಪಿ ಬರುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಉಳಿಸಿಕೊಂಡ ಕಾರ್ಡನ್ನು ಆಗಾಗ ಸಣ್ಣ ಖರೀದಿಗೆ ಬಳಸಿ, ಇಲ್ಲದಿದ್ದರೆ ಅವರೇ ಮುಚ್ಚಬಹುದು.

ಹೋಗುವವರ ಕಡತ ಕೆಡುವುದು ಕೊನೆಯ ಬಿಲ್ಲುಗಳಿಂದ. ಕರೆಂಟ್, ಗ್ಯಾಸ್, ಇಂಟರ್ನೆಟ್, ಆಸ್ಪತ್ರೆ ಇವುಗಳ ಕೊನೆಯ ಬಿಲ್ ನೀವು ವಿಮಾನ ಹತ್ತಿದ ಮೇಲೆ ಬರುತ್ತದೆ. ಅಂಚೆ ಕಚೇರಿಯಲ್ಲಿ ನಂಬಿಕಸ್ಥ ಬಂಧುಗಳ ವಿಳಾಸಕ್ಕೆ ಪತ್ರಗಳು ಹೋಗುವಂತೆ ಬರೆದುಕೊಡಿ, ಇಲ್ಲಿನ ಬ್ಯಾಂಕ್ ಖಾತೆಯಲ್ಲಿ ಆರು ತಿಂಗಳಿಗೆ ಸಾಕಾಗುವಷ್ಟು ಹಣ ಬಿಡಿ. ಹೊರಡುವ ವಾರ ಮೂರೂ ವರದಿಗಳನ್ನು ಇಳಿಸಿಕೊಂಡು ಇಟ್ಟುಕೊಳ್ಳಿ, ಆರು ತಿಂಗಳ ನಂತರ ಮತ್ತೆ ತರಿಸಿ ಪಕ್ಕದಲ್ಲಿಟ್ಟು ನೋಡಿ. ಕಡತವನ್ನು ಫ್ರೀಜ್ ಮಾಡಿ, ಅದನ್ನು ತೆರೆಯಲು ಬೇಕಾದ ಗುಪ್ತಪದವನ್ನು ಪಾಸ್‌ಪೋರ್ಟಿನ ಜೊತೆಗೆ ಜೋಪಾನವಾಗಿಡಿ.